ಚಿಮಣಿ ಹೊಗೆಯನ್ನು ಸುಣ್ಣದ ನೀರಿನಲ್ಲಿ ಹಿಡಿಯಬಹುದಾ? ಒಂಬತ್ತನೇ ಕ್ಲಾಸಿನ ಹುಡುಗಿಗೆ ಏನು ಹೇಳಲಿ?

ಶಿಗ್ಗಾಂವಿ ಮಾಸ್ತರ್ · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಶಿಗ್ಗಾಂವಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಗುರುವಾರ ಸುಣ್ಣದ ತಿಳಿನೀರಿನ ಪ್ರಯೋಗ ಮಾಡಿಸಿದೆ. ನಳಿಕೆಯಿಂದ ಉಸಿರು ಊದಿದರೆ ನೀರು ಹಾಲಿನ ಹಾಗೆ ಆಗುತ್ತದಲ್ಲ, ಅದೇ. ಎಲ್ಲರೂ ಊದಿದರು, ನೋಟ್ಸ್ ಬರೆದರು. ಆಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ನಮ್ಮ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಸುಣ್ಣದ ನೀರು ಹಿಡಿದುಕೊಂಡಿತು. ಹಾಗಾದರೆ ಫ್ಯಾಕ್ಟರಿ ಚಿಮಣಿಯ ಹೊಗೆಯನ್ನೂ ದೊಡ್ಡ ಟಾಕಿಯ ಸುಣ್ಣದ ನೀರಿನಲ್ಲಿ ಬಿಡಬಹುದಲ್ಲ? ಯಾಕೆ ಬಿಡುವುದಿಲ್ಲ?"

ನಾಳೆ ಹೇಳುತ್ತೇನೆ ಅಂದೆ. ಇನ್ನೂ ಹೇಳಿಲ್ಲ. ಕಾರ್ಬನ್ ಕ್ಯಾಪ್ಚರ್ ಅಂತ ಒಂದಿದೆ, ಹೊಗೆಯಿಂದ ಆ ಗ್ಯಾಸ್ ಬೇರೆ ಮಾಡಿ ಬಳಸುತ್ತಾರೆ ಇಲ್ಲವೇ ನೆಲದಾಳಕ್ಕೆ ಇಳಿಸುತ್ತಾರೆ ಅನ್ನುವಷ್ಟು ಗೊತ್ತು. ಆದರೆ ಅದು ನಿಜವಾದ ದಾರಿಯಾ, ಬರೀ ಸಮಾಧಾನದ ಮಾತಾ ಅನ್ನುವುದು ನನಗೇ ಸ್ಪಷ್ಟವಿಲ್ಲ. ಇವಳ ಮನೆಯವರ ಹೊಲ 2019ರ ಆಗಸ್ಟ್ ಮಳೆಯಲ್ಲಿ ಕೊಚ್ಚಿಹೋಗಿತ್ತು. 2023ರ ಬರದಲ್ಲಿ ಗೋವಿನಜೋಳ ಮೊಳಕಾಲೆತ್ತರಕ್ಕೂ ಬರಲಿಲ್ಲ. ಮಾರ್ಕ್ಸಿಗಾಗಿ ಕೇಳಿದ ಪ್ರಶ್ನೆ ಅಲ್ಲ ಇದು. ತಿಳಿದವರು ಹೇಳಿ.

ರಾಣೆಬೆನ್ನೂರು ರೋಡ್ · ರಾತ್ರಿ 9:18

ಒಳ್ಳೆ ಪ್ರಶ್ನೆ! ಆ ಹುಡುಗಿಗೆ ನನ್ನ ಕಡೆಯಿಂದ ಶಾಬಾಶ್ ಹೇಳಿ ಸರ್.

ಕೆಮಿಕಲ್ ಹುಡುಗಿ, ವಿದ್ಯಾನಗರ · ರಾತ್ರಿ 9:41

ಸರ್, ಮೊದಲು ಲೆಕ್ಕ ಹಾಕಿ ತೋರಿಸಿ. ಮಕ್ಕಳಿಗೆ ಖುಷಿಯಾಗುತ್ತೆ.

ಸುಣ್ಣ ನೀರಿನಲ್ಲಿ ಕರಗುವುದು ತುಂಬಾ ಕಡಿಮೆ. ಒಂದು ಲೀಟರಿಗೆ ಸುಮಾರು 1.7 ಗ್ರಾಂ. ಅಷ್ಟು ಸುಣ್ಣ ಹಿಡಿಯುವುದು ಹೆಚ್ಚು ಕಡಿಮೆ 1 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಂದರೆ ಒಂದು ಟನ್ ಗ್ಯಾಸ್ ಹಿಡಿಯಲು 10 ಲಕ್ಷ ಲೀಟರ್ ತಿಳಿನೀರು ಬೇಕು.

ಆಯ್ತು, ತಿಳಿನೀರು ಬೇಡ, ಗಟ್ಟಿ ಸುಣ್ಣದ ಹಾಲನ್ನೇ ಬಳಸೋಣ ಅನ್ನಿ. ಆಗ ಇನ್ನೊಂದು ತೊಡಕು. ಸುಣ್ಣ ಎಲ್ಲಿಂದ ಬಂತು? ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಟ್ಟಿದ್ದರಿಂದ. 100 ಕೆಜಿ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕೆಜಿ ಸುಣ್ಣ ಸಿಗುತ್ತೆ, ಉಳಿದ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತೆ. ಆ 56 ಕೆಜಿ ಸುಣ್ಣ ಮತ್ತೆ ಹಿಡಿಯುವುದೂ ಅದೇ 44 ಕೆಜಿಯನ್ನು. ಬಿಟ್ಟಿದ್ದನ್ನೇ ವಾಪಸ್ ಹಿಡಿದಂತಾಯಿತು. ಭಟ್ಟಿಗೆ ಹಾಕಿದ ಕಲ್ಲಿದ್ದಲಿನ ಹೊಗೆ ಮೇಲಿನಿಂದ ನಷ್ಟ.

ಹಾಗಾಗಿ ಉತ್ತರ: ಆಗುವುದಿಲ್ಲ.

ಉಣಕಲ್ ದಂಡೆ · ರಾತ್ರಿ 9:50

ಅಂದ್ರೆ ದೀಪಾವಳಿಗೆ ಮನೆಗೆ ಸುಣ್ಣ ಬಳಿದಾಗ ಗೋಡೆ ಗಾಳಿಯಿಂದ ಅದನ್ನೇ ಹಿಡಿಯುತ್ತಾ?

ಕೆಮಿಕಲ್ ಹುಡುಗಿ, ವಿದ್ಯಾನಗರ · ರಾತ್ರಿ 9:53

ಹೌದು ರೀ. ಅದಕ್ಕೇ ಗೋಡೆ ದಿನ ಕಳೆದಂತೆ ಗಟ್ಟಿಯಾಗಿ ಬೆಳ್ಳಗಾಗುವುದು. ಮತ್ತೆ ಸುಣ್ಣಕಲ್ಲೇ ಆಗಿಬಿಡುತ್ತೆ. ಹಳೆ ವಾಡೆಗಳ ಗಾರೆ ಗೋಡೆಗಳೂ ಹಾಗೇ ಬಿಗಿದದ್ದು.

ಲಿಂಗರಾಜನಗರ 2ನೇ ಕ್ರಾಸ್ · ರಾತ್ರಿ 10:05

ಥರ್ಮಲ್ ಪ್ಲಾಂಟಿನಲ್ಲಿ ಈಗಾಗಲೇ ಹೊಗೆಗೆ ಸುಣ್ಣಕಲ್ಲಿನ ನೀರು ಸಿಂಪಡಿಸುತ್ತಾರಲ್ಲ? ಎಲ್ಲೋ ಓದಿದ್ದೇನೆ. ಹಾಗಾದರೆ ಮಾಡುತ್ತಲೇ ಇದ್ದಾರೆ ಅಂತಾಯಿತು.

ಬಾಯ್ಲರ್ ಕಾಕಾ · ರಾತ್ರಿ 10:32

ತಮ್ಮಾ, ಅದು ಬೇರೆ. ಅದು ಗಂಧಕದ ಗ್ಯಾಸ್ ಹಿಡಿಯಲು. ಸುಣ್ಣಕಲ್ಲಿನ ಪುಡಿಯ ನೀರು ಗಂಧಕ ಹಿಡಿದು ಜಿಪ್ಸಂ ಆಗುತ್ತೆ. ಆ ಕ್ರಿಯೆಯಲ್ಲಿ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಹೊಸದಾಗಿ ಹೊರಗೇ ಬರುತ್ತೆ. ಎರಡನ್ನೂ ಕಲಸಬೇಡಿ.

ನಾನು ಥರ್ಮಲ್ ಸ್ಟೇಷನ್ನಿನಲ್ಲಿ ಬಾಯ್ಲರ್ ವಿಭಾಗದಲ್ಲಿದ್ದು ರಿಟೈರ್ ಆದವನು. ಈಗ ಹುಬ್ಬಳ್ಳಿಯಲ್ಲಿದ್ದೇನೆ. ಮಾಸ್ತರ್ರೇ, ಹೊಗೆ ಎಷ್ಟು ಅನ್ನುವುದನ್ನು ಮಕ್ಕಳಿಗೆ ಹೇಳಿ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹತ್ತಿರ ಹತ್ತಿರ 1 ಕೆಜಿ ಕಾರ್ಬನ್ ಡೈಆಕ್ಸೈಡ್ ಹೋಗುತ್ತೆ. 210 ಮೆಗಾವ್ಯಾಟಿನ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ ಸುಮಾರು 200 ಟನ್. ರಾಯಚೂರಿನಲ್ಲಿ ಅಂಥವು ಏಳಿವೆ, ಜೊತೆಗೆ 250ರದ್ದೊಂದು. ಒಟ್ಟು 1720 ಮೆಗಾವ್ಯಾಟ್.

ಹೊಗೆಯಲ್ಲಿ ಆ ಗ್ಯಾಸ್ ಇರುವುದು ನೂರಕ್ಕೆ 12ರಿಂದ 14 ಪಾಲು ಮಾತ್ರ. ಉಳಿದದ್ದು ಬಹುಪಾಲು ಸಾರಜನಕ. ಅಷ್ಟೂ ಹೊಗೆಯಿಂದ ಅದೊಂದನ್ನೇ ಆರಿಸಿ ತೆಗೆಯಬೇಕು. ಕಡ್ಲಿಯಲ್ಲಿ ಕಲ್ಲು ಆರಿಸಿದಷ್ಟು ಸುಲಭ ಅಲ್ಲ.

ಕೆಮಿಕಲ್ ಹುಡುಗಿ, ವಿದ್ಯಾನಗರ · ರಾತ್ರಿ 10:50

ಕಾಕಾ ಹೇಳಿದ ಆರಿಸುವ ಕೆಲಸವನ್ನು ಈಗ ಅಮೀನ್ ಅನ್ನುವ ದ್ರವದಿಂದ ಮಾಡುತ್ತಾರೆ. ಹೊಗೆಯನ್ನು ತಣ್ಣಗೆ ಮಾಡಿ ಎತ್ತರದ ಕಂಬದಂಥ ಟವರಿನ ಕೆಳಗಿನಿಂದ ಬಿಡುತ್ತಾರೆ. ಮೇಲಿನಿಂದ ಅಮೀನ್ ಬೆರೆಸಿದ ನೀರು ಇಳಿಯುತ್ತೆ. ಸುಮಾರು 40 ಡಿಗ್ರಿಯಲ್ಲಿ ಅದು ಕಾರ್ಬನ್ ಡೈಆಕ್ಸೈಡನ್ನು ಹಿಡಿಯುತ್ತೆ. ಆಮೇಲೆ ಇನ್ನೊಂದು ಟವರಿನಲ್ಲಿ 120 ಡಿಗ್ರಿ ಆಸುಪಾಸು ಕಾಯಿಸಿದರೆ ಬಿಟ್ಟುಕೊಡುತ್ತೆ. ಅಮೀನ್ ಮತ್ತೆ ಮೊದಲ ಟವರಿಗೆ.

ಹಿಡಿಯುವುದು ಕಷ್ಟ ಅಲ್ಲ ಸರ್. ಹಿಡಿದದ್ದನ್ನು ಬಿಡಿಸುವುದಕ್ಕೇ ಖರ್ಚು. ಕಾಯಿಸಲು ಉಗಿ ಬೇಕು, ಆ ಉಗಿ ಅದೇ ಬಾಯ್ಲರಿನಿಂದ ಬರಬೇಕು. ಬಿಡಿಸಿದ ಗ್ಯಾಸನ್ನು ಒತ್ತಿ ದ್ರವದಂತೆ ಮಾಡಲು ಮತ್ತೆ ಕರೆಂಟು. ಎಲ್ಲ ಸೇರಿ ಪ್ಲಾಂಟಿನ ಕರೆಂಟಿನಲ್ಲಿ ನೂರಕ್ಕೆ 20ರಿಂದ 30 ಪಾಲು ಇದಕ್ಕೇ ಹೋಗುತ್ತೆ.

ಕಪ್ಪತಗುಡ್ಡ ಗಾಳಿ · ಮಂಗಳವಾರ ಬೆಳಿಗ್ಗೆ 6:20

ಬೆಳಿಗ್ಗೆ ಎದ್ದು ಪೂರ್ತಿ ಓದಿದೆ. ನನಗೆ ಸಿಟ್ಟು ಬರುವುದು ಇಲ್ಲೇ.

100 ಯೂನಿಟ್ ಮಾಡಿ 25 ಯೂನಿಟ್ಟನ್ನು ತನ್ನದೇ ಹೊಗೆ ಹಿಡಿಯಲು ಸುರಿಯುವುದು ಯಾಕೆ? ನಮ್ಮ ಗದಗದಲ್ಲಿ ಗಾಳಿ ಇದೆ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಇದೆ. ಅವು ಹೊಗೆಯನ್ನೇ ಬಿಡುವುದಿಲ್ಲ. ಆ ದುಡ್ಡನ್ನು ಅಲ್ಲಿ ಹಾಕಿ. "ಮುಂದೆ ಹಿಡಿಯುತ್ತೇವೆ" ಅಂತ ಹೇಳಿಕೊಂಡು ಇವತ್ತು ಇನ್ನಷ್ಟು ಕಲ್ಲಿದ್ದಲು ಸುಡುವುದಕ್ಕೆ ಇದೊಂದು ನೆಪ ಆಗುತ್ತಿದೆ. ಕೆನಡಾದ ಬೌಂಡರಿ ಡ್ಯಾಮ್ ನೋಡಿ. 2014ರಲ್ಲಿ ಶುರುವಾಯಿತು, ಕಲ್ಲಿದ್ದಲು ಪ್ಲಾಂಟಿನಲ್ಲಿ ದೊಡ್ಡ ಮಟ್ಟದಲ್ಲಿ ಮಾಡಿದ ಮೊದಲನೆಯದು. ವರ್ಷಕ್ಕೆ 10 ಲಕ್ಷ ಟನ್ ಹಿಡಿಯುತ್ತೇವೆ ಅಂದರು. ಬಹಳ ವರ್ಷ ಆ ಗುರಿ ಮುಟ್ಟಲೇ ಇಲ್ಲ. ಅಮೆರಿಕದ ಟೆಕ್ಸಾಸಿನ ಪೆಟ್ರಾ ನೋವಾ 2017ರಲ್ಲಿ ಶುರುವಾಗಿ 2020ರಲ್ಲಿ ನಿಂತುಹೋಗಿತ್ತು, 2023ರಲ್ಲಿ ಮತ್ತೆ ಚಾಲು ಮಾಡಿದರು. ಅದೂ ಆ ಗ್ಯಾಸನ್ನು ಹಳೆ ಎಣ್ಣೆ ಬಾವಿಗೆ ತುರುಕಿ ಇನ್ನಷ್ಟು ಎಣ್ಣೆ ಎತ್ತಲು. ಇದು ಪರಿಹಾರವಾ?

ಬಾಯ್ಲರ್ ಕಾಕಾ · ಬೆಳಿಗ್ಗೆ 7:05

ಗಾಳಿಯವರೇ, ಸಿಟ್ಟು ಬೇಡ. ರಾತ್ರಿ ಗಾಳಿ ನಿಂತಾಗ, ಮಳೆಗಾಲದಲ್ಲಿ ಮೋಡ ಮುಚ್ಚಿದಾಗ ನಿಮ್ಮ ಮನೆಗೆ ಕರೆಂಟು ಕೊಟ್ಟವರು ನಾವು. 2023ರಲ್ಲಿ ಜಲಾಶಯ ತುಂಬದೇ ಇದ್ದಾಗ ಯಾರ ಮೇಲೆ ಭಾರ ಬಿತ್ತು? ಕಲ್ಲಿದ್ದಲಿನ ಮೇಲೆ. ನಾಳೆ ಬೆಳಿಗ್ಗೆ ಎಲ್ಲ ನಿಲ್ಲಿಸಲು ಆಗುವುದಿಲ್ಲ. ಓಡುವಷ್ಟು ವರ್ಷ ಸ್ವಲ್ಪವಾದರೂ ಹಿಡಿಯಲಿ ಅನ್ನುವುದು ತಪ್ಪಾ? ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ 2022ರಲ್ಲಿ ದಿನಕ್ಕೆ 20 ಟನ್ ಹಿಡಿಯುವ ಘಟಕ ಮಾಡಿದೆ. ಅದರಿಂದ ಮೆಥನಾಲ್ ಮಾಡುವ ಯೋಜನೆ.

ಕಪ್ಪತಗುಡ್ಡ ಗಾಳಿ · ಬೆಳಿಗ್ಗೆ 7:12

ಕಾಕಾ, ನೀವೇ ಹೇಳಿದಿರಿ ಒಂದು ಘಟಕ ಗಂಟೆಗೆ 200 ಟನ್ ಅಂತ. ಹಾಗಾದರೆ ದಿನಕ್ಕೆ 20 ಟನ್ ಅಂದರೆ ಎಷ್ಟು? ಒಂದು ಗಂಟೆ ಹೊಗೆಯೂ ಅಲ್ಲ!

ರಾಣೆಬೆನ್ನೂರು ರೋಡ್ · ಬೆಳಿಗ್ಗೆ 7:15

ಆರು ನಿಮಿಷ.

ಬಾಯ್ಲರ್ ಕಾಕಾ · ಬೆಳಿಗ್ಗೆ 7:31

ಆರು ನಿಮಿಷ, ಒಪ್ಪಿದೆ. ಅದು ಪ್ರಯೋಗದ ಘಟಕ. ಆದರೆ ನಾನು ಕೆಲಸಕ್ಕೆ ಸೇರಿದಾಗ ಸೋಲಾರ್ ಅಂದರೆ ಕ್ಯಾಲ್ಕುಲೇಟರಿನ ಮೇಲಿನ ಸಣ್ಣ ಪಟ್ಟಿ. ಇವತ್ತು ಪಾವಗಡ ಇದೆ. ಚಿಕ್ಕದರಿಂದಲೇ ಶುರು ಮಾಡಬೇಕು.

ಸಪ್ತಾಪುರ ನೆರಳು · ಬೆಳಿಗ್ಗೆ 8:40

ಇಷ್ಟೆಲ್ಲ ಯಾಕೆ? ಮರ ನೆಡಿ. ಮರಕ್ಕಿಂತ ಒಳ್ಳೆ ಮಶೀನ್ ಯಾವುದಿದೆ? ಧಾರವಾಡ ಹೇಗಿತ್ತು, ಈಗ ಹೇಗಾಗಿದೆ ನೋಡಿ. ನಾನು ಕಾಲೇಜಿಗೆ ಹೋಗುವಾಗ ಹುಬ್ಬಳ್ಳಿ-ಧಾರವಾಡ ರಸ್ತೆಯ ಎರಡೂ ಕಡೆ ನೆರಳು. ರಸ್ತೆ ಅಗಲ ಮಾಡುವಾಗ ಆ ಮರಗಳು ಹೋದವು. ಒಂದೊಂದು ಮರ ಬಿದ್ದಾಗಲೂ ನಮ್ಮ ಅವ್ವ ಕಣ್ಣೀರು ಹಾಕಿದ್ದಳು. ಈಗ ಮೇ ತಿಂಗಳಲ್ಲಿ ಬಸ್ ಸ್ಟಾಪಿನಲ್ಲಿ ನಿಲ್ಲಲು ಆಗುವುದಿಲ್ಲ.

ಉಣಕಲ್ ದಂಡೆ · ಬೆಳಿಗ್ಗೆ 8:52

ಅಕ್ಕಾರೇ, ನೂರಕ್ಕೆ ನೂರು. ಆಗೆಲ್ಲ ಧಾರವಾಡದಲ್ಲಿ ಫ್ಯಾನ್ ಇಲ್ಲದ ಮನೆಗಳೇ ಜಾಸ್ತಿ ಇದ್ದವು.

ಬ್ಯಾಡಗಿ ಖಾರ · ಬೆಳಿಗ್ಗೆ 9:01

ಈಗ ಮೆಣಸಿನಕಾಯಿಗೇ ಕೋಲ್ಡ್ ಸ್ಟೋರೇಜ್ ಬೇಕು, ಮನುಷ್ಯರಿಗೆ ಬೇಡವಾ. ಅದಕ್ಕೂ ಕರೆಂಟು ಬೇಕು ನೋಡಿ. ಬಿಸಿಲು ಜಾಸ್ತಿಯಾದಷ್ಟೂ ನಮ್ಮ ಬಿಲ್ ಜಾಸ್ತಿ.

ಕೆಮಿಕಲ್ ಹುಡುಗಿ, ವಿದ್ಯಾನಗರ · ಬೆಳಿಗ್ಗೆ 9:30

ನೆರಳು ಅಕ್ಕಾ, ಮರ ಬೇಕೇ ಬೇಕು. ನನ್ನದೂ ಅದೇ ಮಾತು. ಆದರೆ ಲೆಕ್ಕ ನೋಡಿ. ಒಂದು ಮರ ವರ್ಷಕ್ಕೆ ಹಿಡಿಯುವುದು ಸುಮಾರು 20 ಕೆಜಿ ಅಂತಿಟ್ಟುಕೊಳ್ಳಿ. ಜಾತಿ, ವಯಸ್ಸು, ಮಳೆ ನೋಡಿ ಹೆಚ್ಚು ಕಡಿಮೆ ಆಗುತ್ತೆ. ಕಾಕಾ ಹೇಳಿದ ಒಂದು ಘಟಕದ ಒಂದೇ ಒಂದು ಗಂಟೆಯ ಹೊಗೆಗೆ 10,000 ಮರಗಳ ಒಂದು ವರ್ಷದ ದುಡಿಮೆ ಬೇಕು. ಮರ ಸುಟ್ಟರೆ, ಕೊಳೆತರೆ ಹಿಡಿದದ್ದು ಮತ್ತೆ ಹೊರಗೆ. ಮರ ನೆರಳಿಗೆ, ಮಳೆಗೆ, ಹಕ್ಕಿಗೆ ಬೇಕು. ಕಲ್ಲಿದ್ದಲಿನ ಲೆಕ್ಕ ತೀರಿಸಲು ಅದರಿಂದ ಆಗುವುದಿಲ್ಲ.

ಸಪ್ತಾಪುರ ನೆರಳು · ಬೆಳಿಗ್ಗೆ 9:44

ಲೆಕ್ಕ ಒಪ್ಪುತ್ತೇನೆ. ಆದರೆ ಇದ್ದ ಮರ ಕಡಿಯುವುದಕ್ಕೆ ಆ ಲೆಕ್ಕವನ್ನು ಯಾರೂ ಬಳಸಬಾರದು. ಅದಷ್ಟೇ ನನ್ನ ಮಾತು.

ನವಲಗುಂದ ಎರೆಹೊಲ · ಮಧ್ಯಾಹ್ನ 1:15

ಊಟಕ್ಕೆ ಕೂತಾಗ ಓದಿದೆ. ಎಲ್ಲರೂ ಹಿಡಿಯುವ ಮಾತೇ ಆಡುತ್ತಿದ್ದೀರಿ. ನನ್ನ ಪ್ರಶ್ನೆ ನೆಲದ್ದು. ಹೂಳುತ್ತಾರೆ ಅಂದರೆ ಯಾರ ನೆಲದಲ್ಲಿ?

ನಮ್ಮ ಅಜ್ಜನ ಕಾಲದಲ್ಲಿ ಮನೆ ಮುಂದೆ ಹಗೇವು ಇತ್ತು. ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಆದರೆ ತೆರೆದ ಕೂಡಲೇ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಗಾಳಿಯಾಡಲು ಬಿಡಬೇಕು. ಆಮೇಲೆ ಕಂದೀಲು ಇಳಿಸಿ ನೋಡಬೇಕು. ಕಂದೀಲು ಆರಿದರೆ ಇಳಿಯಬಾರದು. ಆತುರ ಮಾಡಿ ಇಳಿದು ಸತ್ತವರ ಕಥೆ ನಮ್ಮ ಭಾಗದ ಪ್ರತಿ ಊರಿನಲ್ಲೂ ಇದೆ. ಕಾಳು ಉಸಿರಾಡಿ ಬಿಟ್ಟ ಗ್ಯಾಸು ಅದು. ಇದೇ ಗ್ಯಾಸು ಅಲ್ವಾ? ಒಂದು ಹಗೇವಿನದ್ದೇ ಹೀಗಾದರೆ ಲಕ್ಷಗಟ್ಟಲೆ ಟನ್ ಹೂತಿಟ್ಟರೆ ಏನಾಗುತ್ತೆ?

ಶಿಗ್ಗಾಂವಿ ಮಾಸ್ತರ್ · ಮಧ್ಯಾಹ್ನ 1:40

ಅಣ್ಣಾರೇ, ಹಗೇವಿನ ಮಾತು ನನಗೆ ಹೊಳೆದೇ ಇರಲಿಲ್ಲ. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ.

ಕಪ್ಪತಗುಡ್ಡ ಗಾಳಿ · ಮಧ್ಯಾಹ್ನ 1:52

ಸರಿಯಾಗಿ ಕೇಳಿದಿರಿ ಎರೆಹೊಲದವರೇ. 1986ರಲ್ಲಿ ಆಫ್ರಿಕಾದ ಕ್ಯಾಮರೂನ್ ದೇಶದ ನ್ಯೋಸ್ ಅನ್ನುವ ಕೆರೆಯಿಂದ ಈ ಗ್ಯಾಸ್ ಒಮ್ಮೆಲೇ ಉಕ್ಕಿ 1700ಕ್ಕೂ ಹೆಚ್ಚು ಜನ ಮಲಗಿದಲ್ಲೇ ಸತ್ತರು. ದನಕರುಗಳೂ ಸಾವಿರಗಟ್ಟಲೆ.

ಕಲ್ಲು ನೋಡುವವಳು · ಮಧ್ಯಾಹ್ನ 3:05

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು. ಎರೆಹೊಲದವರ ಪ್ರಶ್ನೆಗೆ ನಿಧಾನವಾಗಿ ಉತ್ತರ ಕೊಡಬೇಕು.

ನ್ಯೋಸ್ ಕೆರೆಯಲ್ಲಿ ಆದದ್ದು ನಿಜ. ಅಲ್ಲಿ ಜ್ವಾಲಾಮುಖಿಯ ಗ್ಯಾಸ್ ಕೆರೆಯ ತಳದ ನೀರಿನಲ್ಲಿ ಕರಗಿ ಕೂತಿತ್ತು. ಮೇಲೆ ಮುಚ್ಚಳ ಇರಲಿಲ್ಲ. ಸೋಡಾ ಬಾಟಲಿ ಅಲುಗಿಸಿ ತೆಗೆದ ಹಾಗಾಯಿತು. ಗ್ಯಾಸ್ ಗಾಳಿಗಿಂತ ಭಾರ, ಅದಕ್ಕೇ ತಗ್ಗಿನ ಊರುಗಳಿಗೆ ಇಳಿಯಿತು. ಹಗೇವಿನಲ್ಲಿ ತಳದಲ್ಲಿ ಕೂರುವುದೂ ಅದೇ ಕಾರಣಕ್ಕೆ.

ಹೂಳುವವರು ಹಗೇವಿನಂಥ ಖಾಲಿ ಗುಂಡಿ ಹುಡುಕುವುದಿಲ್ಲ. 800 ಮೀಟರಿಗಿಂತ ಆಳದಲ್ಲಿ ಮರಳುಗಲ್ಲಿನ ಪದರ ಹುಡುಕುತ್ತಾರೆ. ಕಲ್ಲಿನ ಕಣಗಳ ನಡುವೆ ಸಣ್ಣ ಸಣ್ಣ ತೂತುಗಳಿರುತ್ತವೆ, ಅದರಲ್ಲಿ ಉಪ್ಪುನೀರು ಇರುತ್ತೆ. ಮೇಲೆ ಜೇಡಿಗಲ್ಲಿನಂಥ ಬಿಗಿಯಾದ ಹೊದಿಕೆ ಇರಬೇಕು. ಆ ಆಳದ ಒತ್ತಡದಲ್ಲಿ ಗ್ಯಾಸ್ ದ್ರವದಷ್ಟು ದಟ್ಟವಾಗಿ ಆ ತೂತುಗಳಲ್ಲಿ ಕೂರುತ್ತೆ. ಕಾಲ ಕಳೆದಂತೆ ಸ್ವಲ್ಪ ಉಪ್ಪುನೀರಿನಲ್ಲಿ ಕರಗುತ್ತೆ. ನಾರ್ವೆಯವರು ಸ್ಲೈಪ್ನರ್ ಅನ್ನುವ ಜಾಗದಲ್ಲಿ ಸಮುದ್ರದ ತಳದ ಕೆಳಗೆ 1996ರಿಂದ ವರ್ಷಕ್ಕೆ ಹತ್ತಿರ ಹತ್ತಿರ 10 ಲಕ್ಷ ಟನ್ ಇಳಿಸಿದ್ದಾರೆ. ಭೂಮಿಗೆ ಸದ್ದು ಕಳಿಸಿ, ಅದರ ಪ್ರತಿಧ್ವನಿಯಿಂದ ಗ್ಯಾಸ್ ಎಲ್ಲಿದೆ ಅಂತ ನೋಡುತ್ತಲೇ ಇದ್ದಾರೆ. ಜಾಗದಲ್ಲೇ ಇದೆ.

ಅವರು ಯಾಕೆ ಶುರು ಮಾಡಿದರು ಗೊತ್ತಾ? 1991ರಲ್ಲಿ ಅಲ್ಲಿಯ ಸರ್ಕಾರ ಕಾರ್ಬನ್ನಿಗೆ ತೆರಿಗೆ ಹಾಕಿತು. ಗಾಳಿಗೆ ಬಿಡುವುದಕ್ಕಿಂತ ಹೂಳುವುದು ಅಗ್ಗ ಆಯಿತು.

ಆದರೆ ಅಪಾಯ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. 2020ರಲ್ಲಿ ಅಮೆರಿಕದ ಮಿಸಿಸಿಪಿಯ ಸಟಾರ್ಷಿಯಾ ಅನ್ನುವ ಹಳ್ಳಿಯ ಹತ್ತಿರ ಈ ಗ್ಯಾಸಿನ ಪೈಪ್‌ಲೈನ್ ಒಡೆಯಿತು. 45 ಜನ ಆಸ್ಪತ್ರೆ ಸೇರಿದರು. ಗಾಳಿಯಲ್ಲಿ ಆಮ್ಲಜನಕ ಸಾಲದೆ ಕಾರುಗಳ ಎಂಜಿನ್‌ಗಳೇ ನಿಂತುಹೋದವು. ನನ್ನನ್ನು ಕೇಳಿದರೆ ಆಳದ ಕಲ್ಲಿಗಿಂತ ಮೇಲಿನ ಪೈಪಿನ ಬಗ್ಗೆ ಜಾಸ್ತಿ ಎಚ್ಚರ ಬೇಕು.

ನವಲಗುಂದ ಎರೆಹೊಲ · ಮಧ್ಯಾಹ್ನ 3:20

ಪೈಪು ಹೊಲದ ಮೇಲೇ ಹೋಗೋದು ಅಲ್ವಾ ಅಕ್ಕಾರೇ. ಕೇಳಿ ಹಾಕಲಿ. ಏನು ಹರಿಯುತ್ತೆ, ಒಡೆದರೆ ಯಾವ ದಿಕ್ಕಿಗೆ ಓಡಬೇಕು ಅಂತ ಮೊದಲೇ ಹೇಳಲಿ.

ಲಿಂಗರಾಜನಗರ 2ನೇ ಕ್ರಾಸ್ · ಮಧ್ಯಾಹ್ನ 3:48

ಐಸ್‌ಲ್ಯಾಂಡಿನಲ್ಲಿ ಕಪ್ಪು ಕಲ್ಲಿನೊಳಗೆ ಬಿಟ್ಟರೆ ಗ್ಯಾಸೇ ಕಲ್ಲಾಗುತ್ತಂತೆ. ನಮ್ಮ ಧಾರವಾಡದ ಕೆಳಗೂ ಅದೇ ಕಪ್ಪು ಕಲ್ಲು. ಎರೆಮಣ್ಣು ಬಂದಿದ್ದೇ ಅದರಿಂದ. ಇಲ್ಲೇ ಮಾಡಬಹುದಲ್ಲ?

ಕಲ್ಲು ನೋಡುವವಳು · ಸಂಜೆ 4:30

ಅರ್ಧ ಸರಿ, ಅರ್ಧ ತಪ್ಪು. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಐಸ್‌ಲ್ಯಾಂಡಿನದು ಬಸಾಲ್ಟ್. ಲಾವಾ ಹರಿದು ಆರಿದ ಕಲ್ಲು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಜಾಸ್ತಿ. ಗ್ಯಾಸನ್ನು ನೀರಿನಲ್ಲಿ ಕರಗಿಸಿ ಇಳಿಸಿದರೆ ಅದು ಇವುಗಳ ಜೊತೆ ಸೇರಿ ಸುಣ್ಣಕಲ್ಲಿನಂಥದ್ದು ಆಗುತ್ತೆ. ಮೊದಲಿನ ಪ್ರಯೋಗದಲ್ಲಿ ಎರಡೇ ವರ್ಷದೊಳಗೆ ನೂರಕ್ಕೆ 95 ಪಾಲಿಗಿಂತ ಜಾಸ್ತಿ ಕಲ್ಲಾಯಿತು ಅಂತ 2016ರಲ್ಲಿ ಪ್ರಕಟಿಸಿದರು. ಮಾಸ್ತರ್ರೇ, ನಿಮ್ಮ ಲ್ಯಾಬಿನ ಬಿಳಿ ನೀರಿನ ಅಣ್ಣನೇ ಇದು.

ನಮ್ಮಲ್ಲಿ ಅಂಥ ಕಲ್ಲು ಡೆಕ್ಕನ್ ಟ್ರ್ಯಾಪ್. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಮಹಾರಾಷ್ಟ್ರದಲ್ಲಿ ಬಹುಪಾಲು, ನಮ್ಮಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ. ಧಾರವಾಡ ಊರಿನ ಕೆಳಗಿನದು ಅದಲ್ಲ. ನಮ್ಮದು 250 ಕೋಟಿ ವರ್ಷಕ್ಕಿಂತ ಹಳೆಯದು. ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲಿ ಈ ಕಲ್ಲುಗಳಿಗೆ ನಮ್ಮೂರಿನ ಹೆಸರನ್ನೇ ಇಟ್ಟ. ಇವತ್ತಿಗೂ ಪ್ರಪಂಚದ ಪುಸ್ತಕಗಳಲ್ಲಿ ಧಾರವಾಡ ಶಿಲೆ ಅಂತಲೇ ಇದೆ. ಒತ್ತಿ, ಮಡಚಿ, ಕಾದು ಗಟ್ಟಿಯಾದ ಕಲ್ಲು. ಗ್ಯಾಸ್ ಕೂರಲು ತೂತೇ ಇಲ್ಲ.

ವಿಜಯಪುರದ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಥರ್ಮಲ್ ಸ್ಟೇಷನ್ ಇರುವುದು ಬಸಾಲ್ಟ್ ನಾಡಿನಲ್ಲೇ. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ನಾವು ಲಾವಾದ ಅಂಚಿನಲ್ಲಿದ್ದೇವೆ, ಪದರ ತೆಳು. ಪಶ್ಚಿಮ ಮಹಾರಾಷ್ಟ್ರದ ಕಡೆ ಹೋದಷ್ಟೂ ದಪ್ಪ.

ಕಪ್ಪತಗುಡ್ಡ ಗಾಳಿ · ಸಂಜೆ 4:41

ನೀರಿನಲ್ಲಿ ಕರಗಿಸಿ ಅಂದಿರಿ. ಎಷ್ಟು ನೀರು?

ಕಲ್ಲು ನೋಡುವವಳು · ಸಂಜೆ 4:50

ಒಂದು ಟನ್ ಗ್ಯಾಸಿಗೆ ಸುಮಾರು 25 ಟನ್ ನೀರು.

ನವಲಗುಂದ ಎರೆಹೊಲ · ಸಂಜೆ 4:52

ಕುಡಿಯುವ ನೀರಿಗೇ ಮಹದಾಯಿ ಅಂತ ವರ್ಷಗಟ್ಟಲೆ ಧರಣಿ ಕೂತವರು ನಾವು.

ಕಲ್ಲು ನೋಡುವವಳು · ಸಂಜೆ 5:02

ನಿಜ. ಅದಕ್ಕೇ ನೀರಿಲ್ಲದೆ ಇಳಿಸುವ ದಾರಿಯೂ ನೋಡುತ್ತಿದ್ದಾರೆ. ಅಮೆರಿಕದ ವಲ್ಲುಲಾದಲ್ಲಿ 2013ರಲ್ಲಿ ಸುಮಾರು 1000 ಟನ್ ಗ್ಯಾಸನ್ನು ನೀರಿಲ್ಲದೆ, ಒತ್ತಿ ದಟ್ಟ ಮಾಡಿ ಬಸಾಲ್ಟಿಗೆ ಇಳಿಸಿದರು. ಎರಡು ವರ್ಷ ಬಿಟ್ಟು ಕಲ್ಲು ಕೊರೆದು ತೆಗೆದಾಗ ಹೊಸ ಹರಳುಗಳು ಸಿಕ್ಕವು. ನಮ್ಮ ದೇಶಕ್ಕೆ ಆ ದಾರಿಯೇ ಸರಿ ಅಂತ ನನ್ನ ಅನಿಸಿಕೆ.

ಸಕ್ಕರೆ ಪಾಳಿ · ಸಂಜೆ 6:15

ನಾನು ಡಿಸ್ಟಿಲರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ಯಾರೂ ನಮ್ಮ ಕಡೆ ನೋಡಲೇ ಇಲ್ಲ!

ಕಾಕಾ ಹೇಳಿದ ಹಾಗೆ ಥರ್ಮಲ್ ಹೊಗೆಯಲ್ಲಿ 14 ಪಾಲು ಇದ್ದರೆ, ಎಥನಾಲ್ ಹುದುಗುವ ಟ್ಯಾಂಕಿನಿಂದ ಬರುವುದು ಹೆಚ್ಚು ಕಡಿಮೆ ಶುದ್ಧ ಕಾರ್ಬನ್ ಡೈಆಕ್ಸೈಡ್. ಬರೀ ನೀರಿನ ಆವಿ ತೆಗೆದರೆ ಸಾಕು. ಅಮೀನ್ ಬೇಡ, ಕಾಯಿಸುವುದು ಬೇಡ. ಒಂದು ಲೀಟರ್ ಎಥನಾಲಿಗೆ ಸುಮಾರು 750 ಗ್ರಾಂ ಬರುತ್ತೆ. ದಿನಕ್ಕೆ 1 ಲಕ್ಷ ಲೀಟರ್ ಮಾಡುವ ಡಿಸ್ಟಿಲರಿಯಿಂದ 75 ಟನ್. ವಿಂಧ್ಯಾಚಲದ 20 ಟನ್ನಿಗಿಂತ ಎಷ್ಟು ಜಾಸ್ತಿ ನೋಡಿ. ಕೆಲವರು ಅದನ್ನು ತೊಳೆದು ಸಿಲಿಂಡರಿಗೆ ತುಂಬಿ ಸೋಡಾ ಕಂಪನಿಗೆ, ಡ್ರೈ ಐಸ್ ಮಾಡುವವರಿಗೆ ಮಾರುತ್ತಾರೆ. ಮಾರಾಟ ಇಲ್ಲದಿದ್ದರೆ ಗಾಳಿಗೆ.

ಬೆಳಗಾವಿ, ಬಾಗಲಕೋಟೆ, ಹಾವೇರಿ ಎಲ್ಲ ಸೇರಿಸಿದರೆ ಎಷ್ಟು ಡಿಸ್ಟಿಲರಿ ಇವೆ ಯೋಚನೆ ಮಾಡಿ. ಹಿಡಿಯುವುದು ಶುರುವಾಗಬೇಕಾದ್ದು ಇಲ್ಲಿಂದ.

ಕೆಮಿಕಲ್ ಹುಡುಗಿ, ವಿದ್ಯಾನಗರ · ಸಂಜೆ 6:40

ಪಾಳಿಯವರೇ, ಇದು ಬಹಳ ಮುಖ್ಯವಾದ ಮಾತು. ಕಬ್ಬು ಆ ಕಾರ್ಬನ್ನನ್ನು ಗಾಳಿಯಿಂದಲೇ ತಗೊಂಡದ್ದು. ಅದನ್ನು ಆಳಕ್ಕೆ ಹೂತರೆ ಗಾಳಿಯಿಂದ ತೆಗೆದು ಹೂತ ಹಾಗೆ. ಅಮೆರಿಕದ ಇಲಿನಾಯ್ ರಾಜ್ಯದ ಡೆಕಾಟರಿನಲ್ಲಿ ಗೋವಿನಜೋಳದ ಎಥನಾಲ್ ಗ್ಯಾಸನ್ನು 2011ರಿಂದ ಆಳದ ಮರಳುಗಲ್ಲಿಗೆ ಇಳಿಸಿದರು. ಗೋವಿನಜೋಳ ಅಂದರೆ ಹಾವೇರಿಯವರಿಗೆ ಹೇಳಬೇಕಾ!

ಆದರೆ "ಬಳಕೆ" ಅಂದ ಕೂಡಲೇ ಸಮಾಧಾನ ಬೇಡ. ಸೋಡಾಕ್ಕೆ ಹಾಕಿದ ಗ್ಯಾಸ್ ತೇಗಿದ ಕೂಡಲೇ ಗಾಳಿಗೆ ವಾಪಸ್. ಯೂರಿಯಾನೂ ಅಷ್ಟೇ. 45 ಕೆಜಿ ಚೀಲ ಮಾಡಲು ಸುಮಾರು 33 ಕೆಜಿ ಕಾರ್ಬನ್ ಡೈಆಕ್ಸೈಡ್ ಬೇಕು. ಹೊಲಕ್ಕೆ ಎರಚಿದ ಮೇಲೆ ಕೆಲವೇ ದಿನದಲ್ಲಿ ಅದು ಮತ್ತೆ ಗಾಳಿಗೆ.

ನವಲಗುಂದ ಎರೆಹೊಲ · ಸಂಜೆ 6:55

ಯೂರಿಯಾದಲ್ಲಿ ಈ ಗ್ಯಾಸ್ ಇದೆ ಅಂತ ಇವತ್ತೇ ಗೊತ್ತಾಗಿದ್ದು. ಇಷ್ಟು ವರ್ಷ ಎರಚಿದ್ದೇನೆ.

ಲಿಂಗರಾಜನಗರ 2ನೇ ಕ್ರಾಸ್ · ಸಂಜೆ 7:10

ತೂತುಕುಡಿಯಲ್ಲಿ 2016ರಿಂದ ಬಾಯ್ಲರ್ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಬಟ್ಟೆ ಸೋಡಾ ಮಾಡುವ ಘಟಕ ಇದೆ. ಅದಕ್ಕೆ ಏನಂತೀರಿ?

ಕೆಮಿಕಲ್ ಹುಡುಗಿ, ವಿದ್ಯಾನಗರ · ಸಂಜೆ 7:22

ಒಳ್ಳೆ ಕೆಲಸವೇ. ಬೇರೆ ಕಡೆಯಿಂದ ಗ್ಯಾಸ್ ಕೊಳ್ಳುವುದು ತಪ್ಪಿತು. ಆದರೆ ಪ್ರಪಂಚಕ್ಕೆಲ್ಲ ಬೇಕಾದ ಸೋಡಾ ಎಷ್ಟು, ಹೊಗೆ ಎಷ್ಟು? ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಎಲ್ಲ ಸೇರಿ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಹೊಗೆ. ಈಗ ಜಗತ್ತಿನ ಎಲ್ಲ ಘಟಕ ಸೇರಿ ಹಿಡಿಯಬಲ್ಲದ್ದು 5 ಕೋಟಿ ಟನ್ ಆಸುಪಾಸು.

ಕಪ್ಪತಗುಡ್ಡ ಗಾಳಿ · ಸಂಜೆ 7:30

ನಾನು ಬೆಳಿಗ್ಗೆಯಿಂದ ಹೇಳುತ್ತಿರುವುದೂ ಅದೇ.

ಕೆಮಿಕಲ್ ಹುಡುಗಿ, ವಿದ್ಯಾನಗರ · ರಾತ್ರಿ 8:15

ಗಾಳಿಯವರೇ, ಕರೆಂಟಿನ ವಿಷಯದಲ್ಲಿ ನಾನು ನಿಮ್ಮ ಕಡೆ. ಗಾಳಿ, ಬಿಸಿಲು ಇರುವಾಗ ಕಲ್ಲಿದ್ದಲಿಗೆ ಇದನ್ನು ಕಟ್ಟಿ ಇನ್ನೂ 40 ವರ್ಷ ಓಡಿಸುವುದು ತಪ್ಪು ಲೆಕ್ಕ. ಆದರೆ ಸಿಮೆಂಟಿಗೆ ಏನು ಮಾಡುತ್ತೀರಿ? ಸೋಲಾರಿನಿಂದಲೇ ಭಟ್ಟಿ ಕಾಯಿಸಿ, ಆದರೂ ಸುಣ್ಣಕಲ್ಲು ತನ್ನೊಳಗಿನ ಗ್ಯಾಸ್ ಬಿಡಲೇಬೇಕು. ಸಿಮೆಂಟ್ ಕಾರ್ಖಾನೆಯ ಹೊಗೆಯಲ್ಲಿ ನೂರಕ್ಕೆ ಸುಮಾರು 60 ಪಾಲು ಕಲ್ಲಿನದ್ದೇ, ಕಲ್ಲಿದ್ದಲಿನದ್ದಲ್ಲ. ಸೇಡಂ, ವಾಡಿ, ಬಾಗಲಕೋಟೆಯ ಭಟ್ಟಿಗಳನ್ನು ನೆನೆಸಿಕೊಳ್ಳಿ. ಅಲ್ಲಿ ಹಿಡಿಯುವುದು ಬಿಟ್ಟು ಬೇರೆ ದಾರಿ ಕಡಿಮೆ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ಶುರುವಾಗಿದೆ. ವರ್ಷಕ್ಕೆ 4 ಲಕ್ಷ ಟನ್, ಆ ಕಾರ್ಖಾನೆಯ ಹೊಗೆಯ ಅರ್ಧದಷ್ಟು. ಹಡಗಿನಲ್ಲಿ ಒಯ್ದು, ಸಮುದ್ರದ ತಳದಿಂದ 2600 ಮೀಟರ್ ಕೆಳಗೆ ಇಳಿಸುತ್ತಾರೆ.

ಇನ್ನೊಂದು. ನಿನ್ನೆ ರಾತ್ರಿ ನಾನು ಮಾಸ್ತರ್‌ಗೆ "ಆಗುವುದಿಲ್ಲ" ಅಂತ ಬರೆದೆ. ಅದು ಅವಸರದ ಉತ್ತರ. ಇವತ್ತು ದಿನವಿಡೀ ಅದೇ ತಲೆಯಲ್ಲಿತ್ತು. ಸುಣ್ಣವನ್ನು ಒಮ್ಮೆ ಬಳಸಿ ಬಿಟ್ಟರೆ ಲಾಭ ಇಲ್ಲ, ಸರಿ. ಆದರೆ ಅದೇ ಸುಣ್ಣವನ್ನು ಮತ್ತೆ ಮತ್ತೆ ತಿರುಗಿಸಿದರೆ? ಸುಣ್ಣ ಗ್ಯಾಸ್ ಹಿಡಿದು ಸುಣ್ಣಕಲ್ಲಾಗುತ್ತೆ. ಅದನ್ನು ಮುಚ್ಚಿದ ಭಟ್ಟಿಯಲ್ಲಿ ಸುಮಾರು 900 ಡಿಗ್ರಿಗೆ ಕಾಯಿಸಿದರೆ ಶುದ್ಧ ಗ್ಯಾಸ್ ಬೇರೆಯಾಗಿ ಸಿಗುತ್ತೆ, ಅದನ್ನು ಆಳಕ್ಕೆ. ಉಳಿದ ಸುಣ್ಣ ಮತ್ತೆ ಕೆಲಸಕ್ಕೆ. ಭಟ್ಟಿಯನ್ನು ಗಾಳಿ-ಬಿಸಿಲಿನ ಕರೆಂಟಿನಿಂದ ಕಾಯಿಸಬೇಕು ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಹೆರ್ಲೂಮ್ ಅನ್ನುವವರು 2023ರಿಂದ ಹೀಗೇ ಮಾಡುತ್ತಿದ್ದಾರೆ. ತಟ್ಟೆಗಳಲ್ಲಿ ಸುಣ್ಣ ಹರಡಿ ಗಾಳಿಯಿಂದಲೇ ಹಿಡಿಯುತ್ತಾರೆ.

ಸರ್, ಆ ಹುಡುಗಿಯ ಯೋಚನೆ ತಪ್ಪಲ್ಲ. ಅರ್ಧ ದಾರಿಗೆ ಬಂದಿದ್ದಾಳೆ. ದಯವಿಟ್ಟು ಅವಳಿಗೆ ಹಾಗೇ ಹೇಳಿ.

ಬಾಯ್ಲರ್ ಕಾಕಾ · ರಾತ್ರಿ 8:40

ಮಗಳೇ, ತಪ್ಪನ್ನು ತಾನೇ ತಿದ್ದಿಕೊಂಡೆಯಲ್ಲ, ಬಹಳ ಸಂತೋಷ. ಸಿಮೆಂಟಿನ ಮಾತು ನನಗೂ ಸರಿ ಕಾಣುತ್ತೆ. ಕಲ್ಲಿದ್ದಲಿನ ವಿಷಯದಲ್ಲಿ ನಿಮ್ಮಿಬ್ಬರ ಹತ್ತಿರ ಇನ್ನೂ ಜಗಳ ಇದೆ. ಹೊಸ ಪ್ಲಾಂಟ್ ಬೇಡ ಅನ್ನಿ, ಒಪ್ಪುತ್ತೇನೆ. ಇರುವುದನ್ನು ಬರೀ ಹೊಗೆ ಬಿಡಲು ಬಿಡಬೇಡಿ.

ಕಪ್ಪತಗುಡ್ಡ ಗಾಳಿ · ರಾತ್ರಿ 8:47

ಇರುವುದಕ್ಕೆ ಕೊನೆಯ ದಿನ ಬರೆದುಕೊಡಿ ಕಾಕಾ, ಆಮೇಲೆ ನಾನೂ ಒಪ್ಪುತ್ತೇನೆ. ಸಿಮೆಂಟ್, ಡಿಸ್ಟಿಲರಿಗೆ ನನ್ನ ತಕರಾರಿಲ್ಲ.

ಶಿಗ್ಗಾಂವಿ ಮಾಸ್ತರ್ · ಬುಧವಾರ ಸಂಜೆ 5:20

ಇವತ್ತು ಕ್ಲಾಸಿನಲ್ಲಿ ಹೇಳಿದೆ. ತಿಳಿನೀರಿನ ಲೆಕ್ಕ, ಭಟ್ಟಿಯ ಲೆಕ್ಕ ಬೋರ್ಡಿನ ಮೇಲೆ ಮಕ್ಕಳೇ ಮಾಡಿದರು. ಹಗೇವಿನ ಮಾತು ಬಂದಾಗ ನಾಲ್ಕು ಮಕ್ಕಳು ತಮ್ಮ ಮನೆಯ ಹಗೇವಿನ ಜಾಗ ತೋರಿಸುತ್ತೇವೆ ಅಂದರು. ನಿನ್ನ ಯೋಚನೆಯಂತೆ ನಿಜವಾಗಿ ಮಾಡುವವರಿದ್ದಾರೆ ಅಂದಾಗ ಆ ಹುಡುಗಿ ತಲೆ ತಗ್ಗಿಸಿ ನಕ್ಕಳು. ಗಂಟೆ ಬಾರಿಸಿದ ಮೇಲೆ ಹತ್ತಿರ ಬಂದು ಕೇಳಿದಳು: "ಸರ್, ಗ್ಯಾಸ್ ಕಲ್ಲಾಗುತ್ತೆ ಅಂದಿರಿ. ಹಾಗಾದರೆ ನಮ್ಮ ಹೊಲದ ಕಲ್ಲಿನಲ್ಲೂ ಇರಬಹುದಾ?"

ಕಲ್ಲು ನೋಡುವವಳು · ಸಂಜೆ 5:36

ಇದೆ! ಎರೆಹೊಲದಲ್ಲಿ ಬಿಳಿ ಬಿಳಿ ಸುಣ್ಣದ ಹರಳು ಸಿಗುತ್ತವಲ್ಲ, ಅದರೊಳಗೆ ಇದೆ. ಅದರ ಮೇಲೆ ವಿನೆಗರ್ ಬಿಟ್ಟರೆ ಗುಳ್ಳೆ ಏಳುತ್ತೆ, ಆ ಗುಳ್ಳೆಯೇ ಆ ಗ್ಯಾಸ್. ಒಂದು ಸೀಸೆಯಲ್ಲಿ ಮಾಡಿ, ನಳಿಕೆಯಿಂದ ಗ್ಯಾಸನ್ನು ತಿಳಿನೀರಿಗೆ ಬಿಡಿ. ನೀರು ಬೆಳ್ಳಗಾಗುತ್ತೆ. ಮಾಸ್ತರ್ರೇ, ನೀವು ಒಪ್ಪಿದರೆ ಈ ಶನಿವಾರ ನಾನೇ ಬರುತ್ತೇನೆ. ಒಂದು ತುಂಡು ಬಸಾಲ್ಟ್, ಒಂದು ತುಂಡು ಧಾರವಾಡ ಶಿಲೆ ತರುತ್ತೇನೆ.

ಶಿಗ್ಗಾಂವಿ ಮಾಸ್ತರ್ · ಸಂಜೆ 5:44

ಹೆಡ್‌ಮಾಸ್ತರ್ ಹತ್ತಿರ ಕೇಳಿದೆ, ಒಪ್ಪಿದ್ದಾರೆ. ಶನಿವಾರ ಬೆಳಗಿನ ಶಾಲೆ. 9 ಗಂಟೆಗೆ ಬಸ್ ಸ್ಟ್ಯಾಂಡಿಗೆ ಬನ್ನಿ ಮೇಡಂ, ಕರೆದುಕೊಂಡು ಹೋಗುತ್ತೇನೆ. ವಿನೆಗರ್ ನನ್ನದು. ನಮ್ಮ ಕಡೆ ಕೆಂಪು ಮಣ್ಣೇ ಜಾಸ್ತಿ, ಆ ಹರಳು ಎಲ್ಲಿ ಹುಡುಕಲಿ?

ನವಲಗುಂದ ಎರೆಹೊಲ · ಸಂಜೆ 6:30

ನನ್ನ ಹೊಲದಲ್ಲಿ ಬೇಕಾದಷ್ಟಿವೆ. ನೇಗಿಲು ಹೊಡೆದಾಗಲೆಲ್ಲ ಮೇಲೆ ಬರುತ್ತವೆ. ಶುಕ್ರವಾರ ಹುಬ್ಬಳ್ಳಿ ಮಾರ್ಕೆಟಿಗೆ ಬರುತ್ತೇನೆ, ಅಕ್ಕಾರ ಕೈಗೆ ಕೊಟ್ಟು ಹೋಗುತ್ತೇನೆ. ಮಕ್ಕಳು ಎಷ್ಟು ಜನ?

ಶಿಗ್ಗಾಂವಿ ಮಾಸ್ತರ್ · ಸಂಜೆ 6:34

38 ಜನ ಅಣ್ಣಾರೇ. ಒಬ್ಬೊಬ್ಬರಿಗೆ ಎರಡು ಹರಳು ಸಾಕು.

ನವಲಗುಂದ ಎರೆಹೊಲ · ಸಂಜೆ 6:36

ಯೂರಿಯಾದ ಖಾಲಿ ಚೀಲ ಇದೆ, ಅರ್ಧ ತುಂಬಿಸಿ ತರುತ್ತೇನೆ. ಮನೆಗೂ ಒಯ್ದು ಮಾಡಿ ನೋಡಲಿ.